ಅಮ್ಮನ ಆರೈಕೆ, ಅಪ್ಪ ಕಟ್ಟಿದ ಮನೆ: ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಪಾರ್ಶ್ವವಾಯು ಬಡಿದ ತಾಯಿಯನ್ನೋ, ಸೊಂಟದ ಮೂಳೆ ಮುರಿದುಕೊಂಡ ತಂದೆಯನ್ನೋ ಆಸ್ಪತ್ರೆಯಿಂದ ಮನೆಗೆ ಕರೆತಂದ ಮೊದಲ ತಿಂಗಳಲ್ಲೇ ಮಕ್ಕಳಿಗೆ ಎರಡು ಸಂಗತಿಗಳು ಗೊತ್ತಾಗುತ್ತವೆ. ಆಸ್ಪತ್ರೆಯ ಬಿಲ್ ಎಷ್ಟೇ ದೊಡ್ಡದಾಗಿದ್ದರೂ ಅದು ಒಂದು ದಿನ ಮುಗಿಯಿತು. ಮನೆಯಲ್ಲಿ ಶುರುವಾದ ಖರ್ಚು ಯಾವಾಗ ಮುಗಿಯುತ್ತದೆ ಎಂದು ಹೇಳಬಲ್ಲವರು ಯಾರೂ ಇಲ್ಲ. ಇನ್ನೊಂದು, ಬ್ಯಾಂಕಿನ ಠೇವಣಿ, ಪಿಂಚಣಿ, ಅಷ್ಟಿಷ್ಟು ಒಡವೆ ಎಲ್ಲವನ್ನೂ ಕೂಡಿಸಿದರೂ ಆ ಕುಟುಂಬದಲ್ಲಿ ದೊಡ್ಡ ಮೊತ್ತ ಎನ್ನಬಹುದಾದದ್ದು ಒಂದೇ: ಅವರು ಮಲಗಿರುವ ಮನೆ.

ಆ ಮನೆಯ ಮಾತೆತ್ತಲು ಎಲ್ಲರಿಗೂ ಮುಜುಗರ. ಮೊದಲು ಎತ್ತಿದವರು ಆಸ್ತಿಗೆ ಕಣ್ಣು ಹಾಕಿದವರು ಎನ್ನಿಸಿಕೊಳ್ಳುತ್ತಾರೆ. ಹಾಗಾಗಿ ಹಿರಿಯ ಮಗ ಸಂಬಳದಿಂದ ಕೊಡುತ್ತಾ ಹೋಗುತ್ತಾನೆ, ಮಗಳು ಕೆಲಸ ಬಿಟ್ಟು ಬಂದು ನೋಡಿಕೊಳ್ಳುತ್ತಾಳೆ, ಅಮೆರಿಕದಲ್ಲಿರುವ ಕಿರಿಯವನು ಆಗೊಮ್ಮೆ ಈಗೊಮ್ಮೆ ಹಣ ಕಳಿಸುತ್ತಾನೆ. ಮನೆ ಮಾತ್ರ ಯಾರ ಲೆಕ್ಕಕ್ಕೂ ಸೇರದೆ ನಿಂತಿರುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಹಿರಿಯರ ಹೆಸರಿನಲ್ಲಿರುವ ಮನೆ, ಅವರು ಬದುಕಿರುವವರೆಗೂ ಅವರ ಹಣ. ಅವರ ಆರೈಕೆಗೆ ಬಳಸಿ ಉಳಿದದ್ದು ಮಕ್ಕಳ ಪಾಲು. ಇಷ್ಟನ್ನು ಒಡಹುಟ್ಟಿದವರು ಒಪ್ಪಿದರೆ ಕಾನೂನು, ಬ್ಯಾಂಕು, ತೆರಿಗೆಗಳ ಗೋಜಲನ್ನು ಬಿಡಿಸಬಹುದು.

ತಿಂಗಳಿಗೆ ಎಷ್ಟು ಬೇಕು?

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಹಾಸಿಗೆ ಹಿಡಿದ ತಾಯಿ, ಎಪ್ಪತ್ತೆಂಟು ವರ್ಷ, ಮೈಸೂರಿನಂಥ ಊರಿನಲ್ಲಿ ಎರಡಂತಸ್ತಿನ ಸ್ವಂತ ಮನೆ. ಏಜೆನ್ಸಿಯಿಂದ ಬಂದು ಮನೆಯಲ್ಲೇ ಉಳಿಯುವ ಸಹಾಯಕಿಗೆ 30,000 ರೂಪಾಯಿ ಎಂದಿಟ್ಟುಕೊಳ್ಳಿ. ದೊಡ್ಡವರ ಡೈಪರ್, ಹಾಸಿಗೆ ಹುಣ್ಣಾಗದಂತೆ ಹಾಕುವ ಏರ್‌ಬೆಡ್‌ನ ಬಾಡಿಗೆ, ಕೈಗವಸು, ಮುಲಾಮು ಎಲ್ಲ ಸೇರಿ 8,000. ಔಷಧಿ, ಮನೆಗೆ ಬರುವ ಫಿಸಿಯೋಥೆರಪಿಸ್ಟ್, ಡಾಕ್ಟರು 9,000. ಸಹಾಯಕಿಯ ಊಟತಿಂಡಿ, ದಿನವೂ ಓಡುವ ವಾಷಿಂಗ್ ಮಷಿನ್‌ನ ಕರೆಂಟು 5,000. ಒಟ್ಟು 52,000. ತಂದೆಯ ಕುಟುಂಬ ಪಿಂಚಣಿ 18,000 ಬರುತ್ತದೆ ಎಂದರೆ ಕೊರತೆ ತಿಂಗಳಿಗೆ 34,000. ವರ್ಷಕ್ಕೆ ನಾಲ್ಕು ಲಕ್ಷ ದಾಟಿತು. ಐದು ವರ್ಷಕ್ಕೆ ಇಪ್ಪತ್ತು ಲಕ್ಷ. ಮೂಗಿನ ನಳಿಕೆಯಲ್ಲಿ ಊಟ ಕೊಡುವ, ಕ್ಯಾತಿಟರ್ ನೋಡಿಕೊಳ್ಳುವ ತರಬೇತಾದ ನರ್ಸ್ ಬೇಕಾದರೆ ಇದು ಎಲ್ಲೋ ಹೋಗುತ್ತದೆ.

ನಿಮ್ಮ ಮನೆಯ ಅಂಕಿಗಳು ಬೇರೆ ಇರುತ್ತವೆ. ಆದರೆ ಈ ಚೀಟಿಯನ್ನು ಬರೆಯದೆ ಮುಂದಕ್ಕೆ ಹೋಗಬೇಡಿ. ಬಹಳಷ್ಟು ಮನೆಗಳಲ್ಲಿ ಜಗಳ ಶುರುವಾಗುವುದೇ ಕೊರತೆ ಎಷ್ಟೆಂದು ಯಾರಿಗೂ ಗೊತ್ತಿಲ್ಲದಿರುವುದರಿಂದ.

‘ಇನ್ಶೂರೆನ್ಸ್ ಇದೆಯಲ್ಲ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಪಾಲಿಸಿಯ ಕೊನೆಯ ಪುಟಗಳಲ್ಲಿ ಕಂಪನಿ ಯಾವುದಕ್ಕೆ ಹಣ ಕೊಡುವುದಿಲ್ಲ ಎಂಬ ಪಟ್ಟಿ ಇರುತ್ತದೆ. ಅದರ ಒಕ್ಕಣೆಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ಎಂದು ಗೊತ್ತುಪಡಿಸಿದೆ. ಆ ಪಟ್ಟಿಯ ಐದನೆಯ ಸಂಕೇತದ (Excl05) ಅಡಿ ನೋಡಿ: ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ನಡೆದಾಡಿಸುವುದು ಮುಂತಾದ ಆರೈಕೆಯನ್ನು ಮನೆಯಲ್ಲಿ ಕೊಟ್ಟರೂ, ನರ್ಸಿಂಗ್ ಕೇಂದ್ರದಲ್ಲಿ ಕೊಟ್ಟರೂ, ನುರಿತ ನರ್ಸ್ ಕೊಟ್ಟರೂ, ಆಯಾ ಕೊಟ್ಟರೂ ವೆಚ್ಚ ಸಿಗದು. ಎಪ್ಪತ್ತು ದಾಟಿದವರಿಗೆಂದು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿದ ವರ್ಷಕ್ಕೆ 5 ಲಕ್ಷದ ಆಯುಷ್ಮಾನ್ ರಕ್ಷಣೆಯೂ ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ, ಬಿಡುಗಡೆಯಾದ ಮೇಲಿನ ಹದಿನೈದು ದಿನಕ್ಕೆ ಮುಗಿಯುತ್ತದೆ. ಹದಿನಾರನೆಯ ದಿನದಿಂದ ಮನೆಯವರೇ. ಬಡ ಹಿರಿಯರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ; ತಿಂಗಳಿಗೆ 1,200 ರೂಪಾಯಿ ಡೈಪರಿಗೂ ಸಾಲದು. ಒಂದೇ ಒಂದು ದೊಡ್ಡ ಅಪವಾದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳದ್ದು: ಬೆಂಗಳೂರಿನ ಕರುಣಾಶ್ರಯದಂಥ ಕಡೆ ಅವರ ಆರೈಕೆ ಉಚಿತ. ಪಾರ್ಶ್ವವಾಯು, ಪಾರ್ಕಿನ್ಸನ್, ಮರೆವಿನ ಕಾಯಿಲೆಗಳಿಗೆ ಅಂಥ ನೆರಳು ಕಡಿಮೆ.

ಮನೆ ಯಾರದು?

ಎಲ್ಲರೂ ‘ಅಪ್ಪನ ಮನೆ’ ಎನ್ನುತ್ತಾರೆ. ಕಾಗದದಲ್ಲಿ ಏನಿದೆ ಎಂಬುದು ಬೇರೆ ಮಾತು. ಕ್ರಯಪತ್ರ, ಖಾತೆ, ಋಣಭಾರ ಪ್ರಮಾಣಪತ್ರ ಮೂರನ್ನೂ ಹರಡಿಕೊಂಡು ಕೂರಬೇಕು.

ತಂದೆ ತಮ್ಮ ದುಡಿಮೆಯಿಂದ ಕೊಂಡ ಅಥವಾ ಕಟ್ಟಿದ ಮನೆ ಸ್ವಯಾರ್ಜಿತ. ಅವರು ಬದುಕಿರುವಾಗ ಅದರಲ್ಲಿ ಮಕ್ಕಳಿಗೆ ಪಾಲಿಲ್ಲ. ಮಾರಲು, ಅಡವಿಡಲು ಅವರೊಬ್ಬರ ಸಹಿ ಸಾಕು. ಪಿತ್ರಾರ್ಜಿತವಾದರೆ ಹಿಂದೂ ಕುಟುಂಬದಲ್ಲಿ ಮಕ್ಕಳೂ ಹುಟ್ಟಿನಿಂದಲೇ ಪಾಲುದಾರರು. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಅಷ್ಟೇ ಸಮವಾಗಿ. ಹೆಚ್ಚಿನವರು ಎಡವುವುದು ಮೂರನೆಯ ಬಗೆಯಲ್ಲಿ: ತಂದೆ ವಿಲ್ ಬರೆಯದೆ ತೀರಿಕೊಂಡಿದ್ದಾರೆ, ಖಾತೆ ಇನ್ನೂ ಅವರ ಹೆಸರಿನಲ್ಲಿದೆ, ಹಾಸಿಗೆ ಹಿಡಿದಿರುವುದು ತಾಯಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿಗೂ ಪ್ರತಿಯೊಬ್ಬ ಮಗುವಿಗೂ ಸಮಪಾಲು. ಮೂವರು ಮಕ್ಕಳಿದ್ದರೆ, ನಲವತ್ತು ವರ್ಷ ಆ ಮನೆಯ ಅಡುಗೆಮನೆಯಲ್ಲಿ ನಿಂತ ತಾಯಿಯ ಪಾಲು ಕಾಲು ಭಾಗ ಮಾತ್ರ. ಅವರ ಆರೈಕೆಗೆಂದು ಮನೆ ಮಾರಲು ನಾಲ್ವರ ಸಹಿ ಬೇಕು. ಹೊರದೇಶದ ಮಗ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿದ ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಕಳಿಸಬೇಕು, ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಮಕ್ಕಳು ಮನಸ್ಸು ಮಾಡಿದರೆ ತಮ್ಮ ಪಾಲನ್ನು ತಾಯಿಯ ಹೆಸರಿಗೆ ಹಕ್ಕು ಬಿಡುಗಡೆ ಪತ್ರದ ಮೂಲಕ ನೋಂದಾಯಿಸಿ ಕೊಡಬಹುದು. ಎಷ್ಟೋ ಮನೆಗಳಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ: ತಾಯಿಯಿಂದಲೇ ಮಗನ ಹೆಸರಿಗೆ ಬಿಡುಗಡೆ ಬರೆಸಿಕೊಳ್ಳುತ್ತಾರೆ. (ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಉತ್ತರಾಧಿಕಾರದ ನಿಯಮಗಳು ಬೇರೆ.)

ಸಹಿ ಹಾಕಬಲ್ಲವರೇ?

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಕೀಲು ಇಲ್ಲಿದೆ. ದೇಹ ಸೋತು ಬುದ್ಧಿ ಚುರುಕಾಗಿರುವುದು ಬೇರೆ, ದೇಹ ಗಟ್ಟಿಯಾಗಿದ್ದು ಬುದ್ಧಿ ಮಂಕಾಗಿರುವುದು ಬೇರೆ. ಕಾನೂನು ಮೊದಲನೆಯವರಿಗೆ ಎಲ್ಲ ಬಾಗಿಲನ್ನೂ ತೆರೆದಿಟ್ಟಿದೆ. ಹಾಸಿಗೆಯಿಂದ ಏಳಲಾಗದವರ ಮನೆಗೇ ಉಪನೋಂದಣಾಧಿಕಾರಿ ಬಂದು ಪತ್ರ ನೋಂದಾಯಿಸಲು ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಸಹಿ ಬಾರದಿದ್ದರೆ ಹೆಬ್ಬೆಟ್ಟು ನಡೆಯುತ್ತದೆ. ಕೈಯೇ ಎತ್ತಲಾಗದಿದ್ದರೆ ಬ್ಯಾಂಕಿನಲ್ಲಿ ಹಣ ತೆಗೆಯಲು ಕಾಲಿನ ಹೆಬ್ಬೆರಳ ಗುರುತೂ ಸಲ್ಲುತ್ತದೆ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಇಬ್ಬರು ಸಾಕ್ಷಿಗಳಿರಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು.

ಎರಡನೆಯವರಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ‘ಅಪ್ಪ ನನಗೆ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮಾಡಿಕೊಟ್ಟಿದ್ದಾರೆ, ಎಲ್ಲ ನಾನೇ ನೋಡಿಕೊಳ್ಳಬಹುದು’ ಎಂದು ಮಗ ನಿಶ್ಚಿಂತನಾಗಿರುತ್ತಾನೆ. 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರು ಸತ್ತರೆ ಮಾತ್ರವಲ್ಲ, ಅವರ ಬುದ್ಧಿಸ್ಥಿಮಿತ ತಪ್ಪಿದರೂ ಆ ಅಧಿಕಾರ ಕೊನೆಯಾಗುತ್ತದೆ. ಅಂದರೆ ಅಧಿಕಾರಪತ್ರ ಬೇಕೇ ಬೇಕಾದ ಗಳಿಗೆಯಲ್ಲೇ ಅದು ಬರೀ ಕಾಗದವಾಗುತ್ತದೆ. ಇಂಗ್ಲೆಂಡಿನಲ್ಲಿರುವಂತೆ ಮತಿ ಹೋದ ಮೇಲೂ ನಿಲ್ಲುವ ಅಧಿಕಾರಪತ್ರ ನಮ್ಮ ದೇಶದಲ್ಲಿಲ್ಲ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಸ್ತಿ ನಿರ್ವಹಣೆಗೆ ವ್ಯವಸ್ಥಾಪಕರನ್ನು ನೇಮಿಸಲು ನ್ಯಾಯಾಲಯಕ್ಕೆ ದಾರಿ ಇತ್ತು. ಅದರ ಜಾಗಕ್ಕೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಹಕ್ಕುಗಳ ಬಗ್ಗೆ ವಿವರವಾಗಿ ಮಾತಾಡಿ, ಆಸ್ತಿಯ ಬಗ್ಗೆ ಸುಮ್ಮನಾಯಿತು. ಹೀಗಾಗಿ ಮರೆವಿನ ಕಾಯಿಲೆ ಬಲಿತ ತಂದೆಯ ಹೆಸರಿನ ಮನೆಯನ್ನು ಅವರದೇ ಆರೈಕೆಗೆ ಮಾರಬೇಕಾದರೂ ಮಕ್ಕಳು ರಿಟ್ ಅರ್ಜಿ ಹಿಡಿದು ಹೈಕೋರ್ಟ್ ಮೆಟ್ಟಿಲು ಹತ್ತಿ, ಪೋಷಕರೆಂದು (ಗಾರ್ಡಿಯನ್) ನೇಮಕ ಮಾಡಿಸಿಕೊಳ್ಳಬೇಕಾಗುತ್ತದೆ. ಕೋಮಾದಲ್ಲಿರುವವರ ಪೋಷಕರ ನೇಮಕಕ್ಕೆ ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿಯನ್ನೇ ಹಾಕಿಕೊಟ್ಟಿತು. ತಿಂಗಳುಗಟ್ಟಲೆ ಹಿಡಿಯುವ, ವಕೀಲರ ಶುಲ್ಕ ಬೇಡುವ ದಾರಿ ಇದು.

ಆದ್ದರಿಂದ ‘ಅಮ್ಮನಿಗೆ ಸ್ವಲ್ಪ ಮರೆವು’ ಎಂದು ನರರೋಗ ತಜ್ಞರು ಹೇಳಿದ ವಾರವೇ ಕೂತು ಮಾತಾಡುವುದು ಒಳ್ಳೆಯದು. ಬ್ಯಾಂಕ್ ಖಾತೆಯನ್ನು ಜಂಟಿ ಮಾಡಿ, ‘ಯಾರಾದರೊಬ್ಬರು ಅಥವಾ ಉಳಿದವರು’ ಎಂಬ ಸೂಚನೆ ಹಾಕಿಸಿ. ವಿಲ್ ಬರೆಯುವುದಿದ್ದರೆ, ಆ ದಿನ ಅವರ ಬುದ್ಧಿ ಸ್ವಸ್ಥವಾಗಿತ್ತು ಎಂಬ ವೈದ್ಯರ ಪ್ರಮಾಣಪತ್ರ ಅದರ ಜೊತೆಗಿರಲಿ. ಮುಂದೆ ಯಾರಾದರೂ ಕೋರ್ಟಿಗೆ ಹೋದರೆ ನಿಲ್ಲುವುದು ಆ ಹಾಳೆ.

ಮನೆಯಿಂದ ಹಣ ಹುಟ್ಟುವ ಬಗೆ

ಅತಿ ಸರಳವಾದದ್ದು ಬಾಡಿಗೆ. ನಮ್ಮ ಲೆಕ್ಕದ ತಾಯಿ ಮೇಲಂತಸ್ತನ್ನು 14,000ಕ್ಕೆ ಕೊಟ್ಟರೆ ಕೊರತೆ 20,000ಕ್ಕೆ ಇಳಿಯುತ್ತದೆ. ತಂದೆಯ ಭವಿಷ್ಯನಿಧಿಯದೋ ಸೈಟು ಮಾರಿದ್ದೋ 30 ಲಕ್ಷ ಇದ್ದು, ಅದನ್ನು ತಾಯಿಯ ಹೆಸರಿನಲ್ಲಿ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟರೆ, 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ 8.2ರ ಬಡ್ಡಿಯಲ್ಲಿ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ, ತಿಂಗಳಿಗೆ 20,500. ಕೊರತೆ ತುಂಬಿತು. 30 ಲಕ್ಷವೇ ಆ ಯೋಜನೆಯ ಗರಿಷ್ಠ ಮಿತಿ.

ಬೆಂಗಳೂರಿನಲ್ಲಿ ಜನ ತಟ್ಟನೆ ಮೊರೆಹೋಗುವುದು ಭೋಗ್ಯಕ್ಕೆ. ಮೇಲಂತಸ್ತನ್ನು 15 ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೆ ಕೊಟ್ಟರೆ ಆಸ್ಪತ್ರೆಯ ಸಾಲ ಒಂದೇ ಏಟಿಗೆ ತೀರುತ್ತದೆ. ಮೂರು ವರ್ಷದ ನಂತರ ಅಷ್ಟೂ ಹಣ ವಾಪಸು ಕೊಡಬೇಕು, ಅದಾಗಲೇ ಖರ್ಚಾಗಿರುತ್ತದೆ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬುದು ಇಲ್ಲಿ ಅಕ್ಷರಶಃ ನಿಜ. ಆಗ ಇನ್ನೊಬ್ಬ ಭೋಗ್ಯದಾರನನ್ನು ಹುಡುಕಿ ಹಳಬನಿಗೆ ಕೊಡುವುದು, ಅವನು ಸಿಗದಿದ್ದರೆ ಸಿಕ್ಕ ಬೆಲೆಗೆ ಮನೆ ಮಾರುವುದು. ಹಣವನ್ನು ಮುಟ್ಟದೆ ಶೇ 7ರ ಠೇವಣಿಯಲ್ಲಿಟ್ಟರೂ ತಿಂಗಳಿಗೆ ಸಿಗುವುದು 8,750, ಬಾಡಿಗೆಯೇ ಮೇಲು. ಹೇಗೂ ಭೋಗ್ಯಕ್ಕೇ ಕೊಡುವುದಾದರೆ ನೋಂದಾಯಿಸಿ: ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ.

ಇನ್ನು ಹಿಮ್ಮುಖ ಅಡಮಾನ, ಬ್ಯಾಂಕಿನವರ ಬಾಯಲ್ಲಿ ರಿವರ್ಸ್ ಮಾರ್ಟ್‌ಗೇಜ್. 2007ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕಿನ ಮಾರ್ಗಸೂಚಿ ಬಂದಿತು. ಅರವತ್ತು ದಾಟಿದವರು ತಾವು ವಾಸಿಸುತ್ತಿರುವ ಸ್ವಯಾರ್ಜಿತ ಮನೆಯನ್ನು ಒತ್ತೆಯಿಟ್ಟರೆ ಬ್ಯಾಂಕ್ ಅವರಿಗೆ ಕಂತು ಕೊಡುತ್ತದೆ, ಹೆಚ್ಚೆಂದರೆ ಇಪ್ಪತ್ತು ವರ್ಷ. ಅವರು ಬದುಕಿ ಅಲ್ಲೇ ಇರುವವರೆಗೆ ಸಾಲ ತೀರಿಸಬೇಕಿಲ್ಲ, ಬಂದ ಹಣಕ್ಕೆ ಆದಾಯ ತೆರಿಗೆಯಿಲ್ಲ. ದಂಪತಿಯಲ್ಲಿ ಕೊನೆಗುಳಿದವರೂ ತೀರಿಕೊಂಡ ಮೇಲೆ ಮಕ್ಕಳು ಸಾಲ ತೀರಿಸಿ ಮನೆ ಉಳಿಸಿಕೊಳ್ಳಬಹುದು, ಇಲ್ಲವೇ ಬ್ಯಾಂಕ್ ಮಾರಿ ತನ್ನದನ್ನು ಹಿಡಿದುಕೊಂಡು ಮಿಕ್ಕದ್ದನ್ನು ಕೊಡುತ್ತದೆ. ಸಾಲ ಮನೆಯ ಬೆಲೆಯನ್ನು ಮೀರಿದರೂ ಮಕ್ಕಳ ಬೇರೆ ಆಸ್ತಿಗೆ ಕೈಹಾಕುವಂತಿಲ್ಲ. ಕಾಗದದಲ್ಲಿ ಇಷ್ಟು ಚೆಂದವಾಗಿದ್ದರೂ ನಮ್ಮಲ್ಲಿ ಇದು ಬೇರೂರಲಿಲ್ಲ. ಮನೆ ಮಕ್ಕಳಿಗೇ ಬಿಡಬೇಕೆಂಬ ಹಟ ಒಂದು ಕಾರಣ. ಲೆಕ್ಕವೂ ಒಂದು: ಶೇ 10ರ ಬಡ್ಡಿಯಲ್ಲಿ ತಿಂಗಳಿಗೆ 15,000ದಂತೆ ಹದಿನೈದು ವರ್ಷ ಪಡೆದರೆ ಕೈಗೆ ಬಂದದ್ದು 27 ಲಕ್ಷ, ತಲೆಯ ಮೇಲಿನ ಸಾಲ ಸುಮಾರು 62 ಲಕ್ಷ. ಆರೈಕೆಯ ವಿಷಯದಲ್ಲಿ ಗಮನಿಸಬೇಕಾದ ಷರತ್ತು ಬೇರೆಯೇ ಇದೆ. ಸಾಲಗಾರರು ಒಂದು ವರ್ಷ ಸತತವಾಗಿ ಆ ಮನೆಯಲ್ಲಿ ವಾಸಿಸದಿದ್ದರೆ ಸಾಲ ತೀರಿಸುವ ಸಮಯ ಬಂತೆಂದೇ ಅರ್ಥ. ಒಂಟಿಯಾಗಿರುವ ತಾಯಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದರೆ, ಖರ್ಚು ಏರಿದ ಹೊತ್ತಿಗೇ ಬ್ಯಾಂಕೂ ಬಂದು ನಿಲ್ಲುತ್ತದೆ. ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವವರಿಗೆ, ಅದೂ ಮಕ್ಕಳಿಲ್ಲದ ದಂಪತಿಗೆ ಇದು ಒಳ್ಳೆಯ ಸಾಧನ. ಮಿಕ್ಕವರು ಎರಡು ಸಲ ಯೋಚಿಸಬೇಕು.

ಮಾರಾಟ ಕೊನೆಯದು. ದಂಪತಿಯಲ್ಲಿ ಇನ್ನೊಬ್ಬರು ಅದೇ ಮನೆಯಲ್ಲಿ ಓಡಾಡಿಕೊಂಡಿರುವಾಗ ಮಾರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾರಿದರೆ ಬಂಡವಾಳ ಲಾಭದ ತೆರಿಗೆ ಬರುತ್ತದೆ. 2024ರ ಜುಲೈ 23ಕ್ಕೂ ಮುಂಚೆ ಕೊಂಡ ಮನೆಗೆ ಭಾರತದಲ್ಲಿ ನೆಲೆಸಿದವರು ಕೊಂಡ ಬೆಲೆಯನ್ನು ಹಣದುಬ್ಬರದ ಸೂಚ್ಯಂಕದಂತೆ ಹೆಚ್ಚಿಸಿಕೊಂಡು ಶೇ 20, ಹಾಗೆ ಮಾಡದೆ ಶೇ 12.5, ಎರಡರಲ್ಲಿ ಕಡಿಮೆಯಾದುದನ್ನು ಕಟ್ಟಬಹುದು. 2001ಕ್ಕೂ ಹಳೆಯ ಮನೆಯಾದರೆ ಆ ವರ್ಷದ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆಯೆಂದು ಹಿಡಿಯಬಹುದು. ಹಣವೆಲ್ಲ ತಾಯಿಯ ಆರೈಕೆಗೇ ಹೋಯಿತು ಎಂದು ವಿನಾಯಿತಿ ಸಿಗುವುದಿಲ್ಲ. ನೆಲಮಹಡಿಯ ಸಣ್ಣ ಮನೆಯೊಂದನ್ನು ಕೊಂಡರೆ ಅಷ್ಟರ ಮಟ್ಟಿಗೆ ಸಿಗುತ್ತದೆ. ಗಾಲಿಕುರ್ಚಿಯವರಿಗೆ ಅದೇ ವಾಸಿ.

ದಾನಪತ್ರದ ಮೊದಲು

‘ಹೇಗೂ ನಿನಗೇ ಬರುವುದು, ಈಗಲೇ ಬರೆದುಕೊಟ್ಟುಬಿಡುತ್ತೇನೆ’ ಎಂದು ತಂದೆ ದಾನಪತ್ರಕ್ಕೆ ಸಿದ್ಧರಾಗುತ್ತಾರೆ. ಕುಟುಂಬದೊಳಗಿನ ದಾನಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಬಹಳ ಕಡಿಮೆ, ಅದೇ ಆಮಿಷ. ವಿಲ್ ಆದರೆ ಮನಸ್ಸು ಬದಲಾದಾಗಲೆಲ್ಲ ಬದಲಾಯಿಸಬಹುದು. ದಾನ ಕೊಟ್ಟರೆ ಕೊಟ್ಟಂತೆ.

ಪತ್ರಬರಹಗಾರರ ಕಂಪ್ಯೂಟರಿನಲ್ಲಿ ಸಿದ್ಧವಿರುವ ನಮೂನೆ ಹೀಗಿರುತ್ತದೆ: ‘ನಿಮ್ಮ ಮೇಲಿನ ಪ್ರೀತಿ ವಿಶ್ವಾಸದಿಂದ ಷೆಡ್ಯೂಲ್ ಸ್ವತ್ತನ್ನು ನಿಮಗೆ ದಾನವಾಗಿ ಕೊಟ್ಟು ಈ ದಿನವೇ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ.’ ಪ್ರೀತಿ ಇದೆ, ವಿಶ್ವಾಸ ಇದೆ, ಊಟ ಹಾಕುವ ಮಾತು ಇಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 23ನೇ ಕಲಂ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಲು ಬಿಡುತ್ತದೆ. ಷರತ್ತು ಇತ್ತೆಂಬುದು ರುಜುವಾತಾಗಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕಾಯ್ದೆಯನ್ನು ಉದಾರವಾಗಿ ಓದಿ, ದಾನಪತ್ರದ ಜೊತೆಗಿದ್ದ ಮಗನ ವಚನಪತ್ರವನ್ನೂ ಪರಿಗಣಿಸಿ, ಮನೆಯನ್ನು ಆಕೆಗೆ ಮರಳಿಸಿತು.

ಹಾಗಾಗಿ ಕೊಡಲೇಬೇಕೆಂದಿದ್ದರೆ ಬರಹಗಾರರಿಗೆ ಇನ್ನೆರಡು ವಾಕ್ಯ ಸೇರಿಸಲು ಹೇಳಿ: ‘ದಾನಿಯು ತನ್ನ ಜೀವಿತಾವಧಿಯವರೆಗೆ ಷೆಡ್ಯೂಲ್ ಸ್ವತ್ತಿನಲ್ಲಿ ವಾಸಿಸುವ ಮತ್ತು ಅದರ ಬಾಡಿಗೆಯನ್ನು ಪಡೆಯುವ ಹಕ್ಕನ್ನು ಕಾಯ್ದಿರಿಸಿಕೊಂಡಿರುತ್ತಾರೆ. ದಾನ ಪಡೆದವರು ದಾನಿಯ ಊಟ, ವಸತಿ, ಔಷಧೋಪಚಾರ ಮತ್ತು ಶುಶ್ರೂಷೆಯನ್ನು ನಿರ್ವಹಿಸತಕ್ಕದ್ದು, ತಪ್ಪಿದಲ್ಲಿ ಈ ದಾನವು ರದ್ದಾಗಲು ಅರ್ಹವಾಗಿರುತ್ತದೆ.’ ಈ ಸಾಲುಗಳನ್ನು ನೋಡಿ ಮಗ ಮುಖ ಸಿಂಡರಿಸಿದರೆ, ತಂದೆಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿತು. ವಕೀಲರೊಬ್ಬರಿಗೆ ಕರಡು ತೋರಿಸಿ.

ಇದೇ ಕಾಯ್ದೆಯಡಿ ಮಕ್ಕಳಿಂದ ಜೀವನಾಂಶವನ್ನೂ ಕೇಳಬಹುದು. ಅರ್ಜಿ ಹೋಗಬೇಕಾದದ್ದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ, ಮೇಲ್ಮನವಿ ಜಿಲ್ಲಾಧಿಕಾರಿಗೆ. ನೋಟಿಸ್ ತಲುಪಿದ ತೊಂಬತ್ತು ದಿನದೊಳಗೆ ತೀರ್ಮಾನವಾಗಬೇಕೆಂಬುದು ನಿಯಮ. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಬಂಧುಗಳಿಂದಲೂ ಕೇಳಬಹುದು, ಇದು ಅನೇಕರಿಗೆ ತಿಳಿಯದು. ಆದರೆ ಮೊತ್ತಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ ಕಾಯ್ದೆಯಲ್ಲೇ ಇದೆ. ಅದನ್ನು ತೆಗೆಯಲು 2019ರಲ್ಲಿ ಮಂಡಿಸಿದ ಮಸೂದೆ ಕಾಯ್ದೆಯಾಗಲಿಲ್ಲ. ನಮ್ಮ 52,000ದ ಚೀಟಿಯ ಮುಂದೆ ಆ ಹತ್ತು ಸಾವಿರ ಎಷ್ಟೆಂದು ನೀವೇ ನೋಡಿ. ಎಲ್ಲಿಗೆ ಹೋಗಬೇಕೆಂದೇ ತೋಚದ ಹಿರಿಯರಿಗೆ 14567 ರಾಷ್ಟ್ರೀಯ ಸಹಾಯವಾಣಿ ಇದೆ.

ಉಳಿದದ್ದು ಒಡಹುಟ್ಟಿದವರ ನಡುವಿನ ಲೆಕ್ಕ. ‘ಅಕ್ಕ ಹೇಗೂ ಮನೆಯಲ್ಲೇ ಇದ್ದಾಳಲ್ಲ, ನೋಡಿಕೊಳ್ಳಲಿ’ ಎಂಬ ಮಾತಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಅದೇ ಅಕ್ಕ ಇಲ್ಲದಿದ್ದರೆ ಏಜೆನ್ಸಿಗೆ 30,000 ಹೋಗುತ್ತಿತ್ತು. ಹಣ ಕೊಟ್ಟ ಮಗನ ಬಳಿ ಬ್ಯಾಂಕಿನ ದಾಖಲೆ ಇರುತ್ತದೆ, ರಾತ್ರಿ ಮೂರು ಸಲ ಎದ್ದು ಮಗ್ಗುಲು ಬದಲಿಸಿದ ಮಗಳ ಬಳಿ, ಅಥವಾ ಸೊಸೆಯ ಬಳಿ, ಏನೂ ಇರುವುದಿಲ್ಲ. ಹಿರಿಯರಿಗೆ ಮಾತು, ಬುದ್ಧಿ ನೆಟ್ಟಗಿರುವಾಗಲೇ ಅವರಿಂದ ವಿಲ್‌ನಲ್ಲಿ ಆಕೆಗೆ ಒಂದು ಹೆಚ್ಚಿನ ಪಾಲು ಬರೆಸುವುದು ಒಂದು ದಾರಿ. ಬಾಡಿಗೆ, ಪಿಂಚಣಿಯ ಹಣದಿಂದ ಪ್ರತಿ ತಿಂಗಳೂ ಆಕೆಯ ಖಾತೆಗೆ ಒಂದು ಮೊತ್ತ ಹಾಕುವುದು ಇನ್ನೊಂದು. ಮಗ ಕೊಡುತ್ತಿರುವ ಹಣ ಸಾಲವೋ, ಕೊಡುಗೆಯೋ, ಮುಂದೆ ಮನೆ ಮಾರಿದಾಗ ಮುರಿದುಕೊಳ್ಳುವುದೋ ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಲಿ. ಅಮೆರಿಕದ ತಮ್ಮನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ‘ಒಪ್ಪಿಗೆ’ ಎಂದು ಬರೆಸಿಕೊಂಡರೂ ಏನೂ ಇಲ್ಲದ್ದಕ್ಕಿಂತ ವಾಸಿ. ಔಷಧಿ ಅಂಗಡಿಯ ರಸೀದಿಗಳನ್ನು ಎಸೆಯಬೇಡಿ: ವಿಮೆ ಇಲ್ಲದ ಹಿರಿಯರ ವೈದ್ಯಕೀಯ ವೆಚ್ಚಕ್ಕೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 50,000ದವರೆಗೆ ಕಡಿತವಿದೆ, ಬಿಲ್ ಕಟ್ಟಿದ ಮಗನೋ ಮಗಳೋ ನಗದಿನ ಬದಲು ಯುಪಿಐ ಅಥವಾ ಕಾರ್ಡಿನಲ್ಲಿ ಕೊಟ್ಟಿದ್ದರೆ.